ಹೊರಗೆ ಕಂಡ ವರ್ಷನ್, ಒಳಗೆ ಓಡುತ್ತಿದ್ದ ವರ್ಷನ್: ಕೊಡಗಿನ ಒಂದು ನಕ್ಷೆ ಸೇವೆಯ ಪ್ರಕರಣ

ಹಿನ್ನೆಲೆ

ಇದು ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರ ಒಂದು ಗುಂಪಿನ ಕಥೆ. ಗುಂಪಿನ ಹೆಸರು, ಊರು, ಸರ್ವರ್ ನೋಡಿಕೊಳ್ಳುವ ಕಂಪನಿ ಯಾವುದು ಎಂಬುದೆಲ್ಲ ಇಲ್ಲಿ ಬೇಡ. ಗುರುತು ಸಿಗದ ಹಾಗೆ ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ತಾಂತ್ರಿಕ ವಿಷಯ ಮಾತ್ರ ನಡೆದ ಹಾಗೇ ಇದೆ. ಗುಂಪಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು ನಾನು.

ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶದ ವಿರುದ್ಧ ಒಂದು ನಿಯಮ ತಂದಿತು. ಅಲ್ಲಿಗೆ ಹೋಗುವ ಕಾಫಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಬೇಕು. ಅದಕ್ಕೆ ತೋಟ ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶ ಕೊಡಬೇಕು. 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ನಿಯಮ ಜಾರಿಯಾಗುವ ದಿನ ಆಮೇಲೆ ಮುಂದಕ್ಕೆ ಹೋಯಿತು. ಆದರೆ 2024ರ ಮಳೆಗಾಲದಲ್ಲಿ ಎಲ್ಲರ ಕಣ್ಣು ಇದ್ದದ್ದು ಅದೇ ವರ್ಷದ ಡಿಸೆಂಬರ್ ಮೇಲೆ.

ಗುಂಪಿನವರು ತೋಟ ತೋಟ ಸುತ್ತಿ ಗಡಿ ಗುರುತಿಸಿದರು. ನೆರಳು ಮರಗಳ ಕೆಳಗೆ ಫೋನಿನ ಜಿಪಿಎಸ್ ಆಚೀಚೆ ಓಡುತ್ತದೆ, ಕೆಲವು ತೋಟಗಳನ್ನು ಎರಡೆರಡು ಸಲ ಅಳೆಯಬೇಕಾಯಿತು. ಹಾಗೆ ಸೇರಿಸಿದ ನಕ್ಷೆಗಳನ್ನೆಲ್ಲ ಅಂತರ್ಜಾಲದ ಮೂಲಕ ನಕ್ಷೆ ಒದಗಿಸುವ ಜಿಯೋಸರ್ವರ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾಕಿದ್ದರು. ಸರ್ವರ್ ಇದ್ದದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಕೈಯಲ್ಲಿ. ನಮಗೆ ಆ ಯಂತ್ರಕ್ಕೆ ಲಾಗಿನ್ ಇರಲಿಲ್ಲ. ಇದ್ದದ್ದು ವೆಬ್ ವಿಳಾಸ ಮತ್ತು ಜಿಯೋಸರ್ವರ್‌ನ ಒಂದು ಅಡ್ಮಿನ್ ಪಾಸ್‌ವರ್ಡ್, ಅಷ್ಟೇ.

ಈ ಮಾಹಿತಿ ಯಾಕೆ ಅಷ್ಟು ನಾಜೂಕಾದದ್ದು ಅಂತ ಹೊರಗಿನವರಿಗೆ ಹೇಳಲೇಬೇಕು. ಕೊಡಗಿನಲ್ಲಿ ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯದ ಜಮೀನು ಬಹಳಷ್ಟು ಕಡೆ ಇಡೀ ಒಕ್ಕಕ್ಕೆ, ಅಂದರೆ ಒಂದೇ ಮೂಲದ ಮನೆಗಳ ಗುಂಪಿಗೆ, ಸೇರಿದ್ದು. ದಾಖಲೆಯಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರು ಇರುತ್ತದೆ, ತೋಟ ಮಾಡುವವರು ಬೇರೆ ಬೇರೆ ಮನೆಯವರು. ಯಾರು ಎಲ್ಲಿಯವರೆಗೆ ಮಾಡುತ್ತಿದ್ದಾರೆ ಎಂಬ ಗೆರೆ ಕೆಲವು ಮನೆಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆ ಗೆರೆಯನ್ನು ನಂಬಿಕೆಯ ಮೇಲೆ ನಮಗೆ ಕೊಟ್ಟಿದ್ದರು. ಅದು ಸೋರಿಕೆಯಾದರೆ ಪಾಸ್‌ವರ್ಡ್ ಬದಲಿಸಿದ ಹಾಗೆ ಗಡಿ ಬದಲಿಸಲು ಆಗುವುದಿಲ್ಲ.

ಸಮಸ್ಯೆ

ಸೆಪ್ಟೆಂಬರಿನಲ್ಲಿ ಖರೀದಿದಾರರ ಕಡೆಯಿಂದ ಒಂದು ಪ್ರಶ್ನಾವಳಿ ಬಂತು. ಅದರಲ್ಲಿ ಒಂದು ಸಾಲು ಹೀಗಿತ್ತು: ನಕ್ಷೆ ಸೇವೆಯ ಸಾಫ್ಟ್‌ವೇರ್ ಯಾವುದು, ವರ್ಷನ್ ಎಷ್ಟು, ಗೊತ್ತಿರುವ ದೋಷಗಳಿಗೆಲ್ಲ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಹಾಕಿದೆಯೇ?

ಕಂಪನಿಗೆ ಫೋನ್ ಮಾಡಿದಾಗ ಬಂದ ಉತ್ತರ, "ಎಲ್ಲಾ ಅಪ್‌ಡೇಟ್ ಆಗಿದೆ ಸರ್, ನೀವು ಹೌದು ಅಂತ ಟಿಕ್ ಹಾಕಿ ಕಳಿಸಿ."

ಕಾರ್ಯದರ್ಶಿ ಒಪ್ಪಲಿಲ್ಲ. ಅವರು ನಿವೃತ್ತ ಅಧಿಕಾರಿ, ವಯಸ್ಸಿನಲ್ಲಿ ಹಿರಿಯರು. "ಸಹಿ ಹಾಕುವವನು ನಾನಪ್ಪ. ಅವರು ಹೇಳಿದ್ದು ಬೇಡ, ನೀನು ನೋಡಿ ಹೇಳು" ಅಂದರು. ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಅದು, ಮತ್ತು ಅದು ಕಂಪ್ಯೂಟರ್ ಗೊತ್ತಿಲ್ಲದವರಿಂದ ಬಂತು.

ಪ್ರಶ್ನೆ ಸುಲಭ ಅನ್ನಿಸುತ್ತದೆ ಅಲ್ವಾ? ಅದು ಹಾಗಿರಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಜಿಯೋಸರ್ವರ್‌ನಲ್ಲಿ ಒಂದು ಭಾರಿ ದೋಷ ಸುದ್ದಿಯಲ್ಲಿತ್ತು. ಸಾಫ್ಟ್‌ವೇರ್ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-36401 ಅಂತ ಅದರ ಸಂಖ್ಯೆ, ಗಂಭೀರತೆಯ ಅಂಕ 10ಕ್ಕೆ 9.8. ಲಾಗಿನ್ ಇಲ್ಲದ ಯಾರು ಬೇಕಾದರೂ ಹೊರಗಿನಿಂದ ಒಂದು ಕೋರಿಕೆ ಕಳಿಸಿ ಸರ್ವರ್ ಒಳಗೆ ತಮಗೆ ಬೇಕಾದ ಕೋಡ್ ಓಡಿಸಬಹುದಿತ್ತು. ಜಿಯೋಸರ್ವರ್ ಬಳಸುವ ಜಿಯೋಟೂಲ್ಸ್ ಎಂಬ ಲೈಬ್ರರಿ, ನಕ್ಷೆಯ ಕಾಲಂ ಹೆಸರುಗಳನ್ನು ಎಕ್ಸ್‌ಪಾತ್ ಎಂಬ ಹುಡುಕಾಟ ಭಾಷೆಯ ಸೂತ್ರ ಅಂತ ತಿಳಿದು ಲೆಕ್ಕ ಹಾಕುತ್ತಿದ್ದದ್ದೇ ಇದಕ್ಕೆ ಕಾರಣ. 2.23.6, 2.24.4, 2.25.2 ವರ್ಷನ್‌ಗಳಲ್ಲಿ ಇದನ್ನು ಸರಿಪಡಿಸಿದ್ದರು. 2024ರ ಜುಲೈ 15ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು, ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ನಮಗೆ ಬೇಕಿದ್ದದ್ದು ಅಂದಾಜಲ್ಲ, ಕೊನೆಯ ಅಂಕಿಯವರೆಗೂ ನಿಖರವಾದ ಉತ್ತರ.

ಏನೇನು ಮಾಡಿ ನೋಡಿದೆವು

ಮೊದಲು ಕಂಪನಿಗೆ ಮೇಲ್ ಬರೆದು ಪರೀಕ್ಷೆಗೆ ಒಪ್ಪಿಗೆ ತೆಗೆದುಕೊಂಡೆವು. ಒಂದು ಸೇವೆಯ ಮೊದಲ ಪುಟ ಕೇಳಿ ಅದರ ಹೆಡರ್, ಅಂದರೆ ಉತ್ತರದ ತಲೆಯಲ್ಲಿ ಬರುವ ವಿವರದ ಸಾಲುಗಳನ್ನು ಓದುವುದು ಬ್ರೌಸರ್ ಮಾಡುವ ಕೆಲಸವೇ, ಅದಕ್ಕೆ ತಕರಾರಿಲ್ಲ. ಆದರೆ ಎನ್‌ಮ್ಯಾಪ್‌ನಂಥ ಸಾಧನ ಹಾಕಿ ಪೋರ್ಟ್‌ಗಳನ್ನು, ಅಂದರೆ ಯಂತ್ರದ ಸಂಪರ್ಕ ಬಾಗಿಲುಗಳನ್ನು, ತಟ್ಟುವುದು, ಬೇರೆ ಬೇರೆ ವಿಳಾಸ ಊಹಿಸಿ ಒಳಗೆ ಇಣುಕುವುದು ಬೇರೆ ವಿಷಯ. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಪ್ರವೇಶಿಸುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರ ಅಡಿ ಬರುತ್ತದೆ. ದತ್ತಾಂಶ ನಮ್ಮದೇ ಆದರೂ ಯಂತ್ರ ಅವರದ್ದು. ಆ ಮೇಲ್‌ನ ಉತ್ತರ ಫೈಲಿನಲ್ಲಿ ಇಟ್ಟುಕೊಂಡ ಮೇಲೇ ಕಮಾಂಡ್ ಬರೆಯುವ ಟರ್ಮಿನಲ್ ತೆರೆದೆ.

ವೆಬ್ ವಿಳಾಸದಿಂದ ಉತ್ತರ ತರಿಸುವ ಕರ್ಲ್ ಎಂಬ ಕಮಾಂಡ್ ಲಿನಕ್ಸ್, ಮ್ಯಾಕ್, ಈಗಿನ ವಿಂಡೋಸ್ ಎಲ್ಲದರಲ್ಲೂ ಸಿಗುತ್ತದೆ. ಸ್ವೀಡನ್ನಿನ ಡ್ಯಾನಿಯಲ್ ಸ್ಟೆನ್‌ಬರ್ಗ್ 1998ರಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಅದಕ್ಕೆ ಅಡ್ಡಗೆರೆ ಹಾಕಿ ದೊಡ್ಡ ಅಕ್ಷರದ ಐ ಕೊಟ್ಟು ವಿಳಾಸ ಬರೆದರೆ ಪುಟ ಬರುವುದಿಲ್ಲ, ಹೆಡರ್ ಮಾತ್ರ ಬರುತ್ತದೆ. ನಮಗೆ ಬಂದದ್ದು ಹೀಗೆ: ಸರ್ವರ್ ಎಂಬ ಸಾಲಿನಲ್ಲಿ 'ಎಂಜಿನ್‌ಎಕ್ಸ್/1.18.0', ಪಕ್ಕದಲ್ಲಿ ಆವರಣದೊಳಗೆ 'ಉಬುಂಟು'. ಎಂಜಿನ್‌ಎಕ್ಸ್ ಒಂದು ವೆಬ್ ಸರ್ವರ್ ತಂತ್ರಾಂಶ, ಉಬುಂಟು ಲಿನಕ್ಸ್‌ನ ಒಂದು ಬಗೆ.

ಕಚೇರಿಯಲ್ಲಿದ್ದ ಹುಡುಗಿ ಇದನ್ನು ಅಂತರ್ಜಾಲದಲ್ಲಿ ಹುಡುಕಿ ಗಾಬರಿಯಾದಳು. "ಸರ್, 1.18.0 ತುಂಬಾ ಹಳೇದು. 2021ರಲ್ಲೇ ಇದರಲ್ಲಿ ದೋಷ ಸಿಕ್ಕಿದೆ, 1.20.1ರಲ್ಲಿ ಸರಿ ಮಾಡಿದ್ದಾರೆ ಅಂತಿದೆ." ಅವಳು ಓದಿದ್ದು ಸರಿಯೇ. ಆದರೆ ಆ ಸಂಖ್ಯೆಯಿಂದ ತೀರ್ಮಾನಕ್ಕೆ ಬರಲು ಆಗುವುದಿಲ್ಲ, ಎರಡು ಕಾರಣಕ್ಕೆ.

ಒಂದು, ಉಬುಂಟುವಿನವರು ಒಂದು ಬಿಡುಗಡೆಯ ಉದ್ದಕ್ಕೂ ಪ್ಯಾಕೇಜಿನ ಮುಖ್ಯ ಸಂಖ್ಯೆಯನ್ನು ಹಾಗೇ ಇಟ್ಟು, ಭದ್ರತಾ ತಿದ್ದುಪಡಿಯನ್ನು ಮಾತ್ರ ಹಳೆಯ ಕೋಡಿಗೆ ತಂದು ಸೇರಿಸುತ್ತಾರೆ. ಡೆಬಿಯನ್, ರೆಡ್ ಹ್ಯಾಟ್ ಕಡೆಯವರದೂ ಹೆಚ್ಚುಕಡಿಮೆ ಇದೇ ಪದ್ಧತಿ. ಉಬುಂಟು 20.04ರಲ್ಲೂ 22.04ರಲ್ಲೂ ಇರುವುದು ಎಂಜಿನ್‌ಎಕ್ಸ್ 1.18.0. ಅದರ ಹಿಂದೆ ಬಾಲದ ಹಾಗೆ ಬರುವ ಪ್ಯಾಕೇಜ್ ಸಂಖ್ಯೆಯಲ್ಲಿ ಪ್ಯಾಚ್‌ನ ಗುಟ್ಟಿದೆ, ಅದು ಹೆಡರ್‌ನಲ್ಲಿ ಕಾಣುವುದೇ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ನಾವು ಕೇಳಬೇಕಿದ್ದದ್ದು ಎಂಜಿನ್‌ಎಕ್ಸ್‌ನ ವರ್ಷನ್ ಅಲ್ಲವೇ ಅಲ್ಲ. ಅದು ಮುಂದೆ ನಿಂತು ಕೋರಿಕೆಗಳನ್ನು ಒಳಗೆ ದಾಟಿಸುವ ಪ್ರಾಕ್ಸಿ. ಅದರ ಹಿಂದೆ ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಟಾಮ್‌ಕ್ಯಾಟ್, ಟಾಮ್‌ಕ್ಯಾಟ್ ಒಳಗೆ ಜಿಯೋಸರ್ವರ್. ಎಸ್ಟೇಟಿನ ಗೇಟಲ್ಲಿ ನಿಂತ ಕಾವಲುಗಾರನ ವಯಸ್ಸು ಕೇಳಿ ಬಂಗಲೆ ಎಷ್ಟು ಹಳೆಯದು ಅಂತ ಹೇಳಲು ಆಗುವುದಿಲ್ಲ.

ಮುಂದಿನ ಹೆಜ್ಜೆಯಾಗಿ ನಕ್ಷೆ ಸೇವೆಗೇ ಒಂದು ಕೋರಿಕೆ ಕಳಿಸಿದೆವು. ಡಬ್ಲ್ಯೂಎಂಎಸ್ ಎಂಬ ಮಾನಕದ ಪ್ರಕಾರ ನಕ್ಷೆ ಕೊಡುವ ಸೇವೆಗಳೆಲ್ಲ 'ಗೆಟ್‌ಕೆಪಬಿಲಿಟೀಸ್' ಅಂತ ಕೇಳಿದರೆ, ತಾವು ಏನೇನು ಕೊಡಬಲ್ಲೆವು ಅಂತ ಒಂದು ಉದ್ದನೆಯ ಎಕ್ಸ್‌ಎಂಎಲ್ ಫೈಲ್ ಕಳಿಸುತ್ತವೆ. ಅದರ ಮೇಲಿನ ಸಾಲಿನಲ್ಲೇ ವರ್ಷನ್ 1.3.0 ಅಂತ ಇತ್ತು. ಕಂಪನಿಯ ಎಂಜಿನಿಯರ್ ಇದನ್ನೇ ಪ್ರಶ್ನಾವಳಿಯಲ್ಲಿ ಬರೆಯಿರಿ ಅಂತ ಸೂಚಿಸಿದರು. ಈ ತಪ್ಪು ತಿಳಿವಳಿಕೆ ಬಹಳ ಕಡೆ ನೋಡಿದ್ದೇನೆ. 1.3.0 ಎಂಬುದು ಡಬ್ಲ್ಯೂಎಂಎಸ್ ಎಂಬ ಮಾನಕದ ಸಂಖ್ಯೆ, 2004ರಿಂದ ಇರುವುದು. ಹತ್ತು ವರ್ಷ ಹಳೆಯ ಜಿಯೋಸರ್ವರ್ ಕೂಡ, ಇವತ್ತು ಇಳಿಸಿಕೊಂಡ ಜಿಯೋಸರ್ವರ್ ಕೂಡ ಅದನ್ನೇ ಹೇಳುತ್ತದೆ. ಮಾನಕದ ಸಂಖ್ಯೆಯಿಂದ ಸಾಫ್ಟ್‌ವೇರ್ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಜಿಯೋಸರ್ವರ್‌ನ ವೆಬ್ ಅಡ್ಮಿನ್ ಪುಟ ನೋಡಲು ಹೋದರೆ 403, ಅಂದರೆ ಪ್ರವೇಶ ಇಲ್ಲ ಎಂಬ ಉತ್ತರ ಬಂತು. ಅದನ್ನು ಹೊರಗಿನವರಿಗೆ ಮುಚ್ಚಿದ್ದರು, ಒಳ್ಳೆಯ ಕೆಲಸ. ಉಳಿದದ್ದು ರೆಸ್ಟ್ ವಿಳಾಸ, ಬೇರೆ ಪ್ರೋಗ್ರಾಂಗಳು ಜಿಯೋಸರ್ವರ್ ಜೊತೆ ಮಾತಾಡುವ ದಾರಿ. ಜಿಯೋಸರ್ವರ್ ವಿಳಾಸದ ಮುಂದೆ 'ರೆಸ್ಟ್', 'ಅಬೌಟ್', 'ವರ್ಷನ್' ಅಂತ ಒಂದರ ಹಿಂದೆ ಒಂದು ಓರೆಗೆರೆ ಹಾಕಿ ಸೇರಿಸಿ, ಕೊನೆಗೆ ಚುಕ್ಕೆ ಇಟ್ಟು ಜೇಸನ್ ಎಂದು ಬರೆದರೆ ತನ್ನ ವರ್ಷನ್ ಹೇಳುತ್ತದೆ. ಲಾಗಿನ್ ಇಲ್ಲದೆ ಕೇಳಿದಾಗ ಬಂದದ್ದು 401, ಅಂದರೆ ಲಾಗಿನ್ ಬೇಕು ಎಂಬ ಉತ್ತರ.

ಈ 401 ಮತ್ತು ಮೊದಲಿನ 403 ನಡುವಿನ ವ್ಯತ್ಯಾಸ ನೋಡಿ. 403 ಕೊಟ್ಟದ್ದು ಎಂಜಿನ್‌ಎಕ್ಸ್, ಕೋರಿಕೆ ಅಲ್ಲೇ ನಿಂತಿತು. 401 ಕೊಟ್ಟದ್ದು ಜಿಯೋಸರ್ವರ್, ಅಂದರೆ ಕೋರಿಕೆ ಒಳಗಿನವರೆಗೂ ಹೋಗಿ ಪಾಸ್‌ವರ್ಡ್ ಕೇಳಿಸಿಕೊಂಡು ಬಂತು. ಮುಂಬಾಗಿಲು ಮುಚ್ಚಿದವರು ರೆಸ್ಟ್ ದಾರಿಯನ್ನು ಇಡೀ ಜಗತ್ತಿಗೆ ತೆರೆದೇ ಬಿಟ್ಟಿದ್ದರು. ವರ್ಷನ್ ಹುಡುಕಲು ಹೋದಾಗ ಸಿಕ್ಕ ಮೊದಲ ನಿಜವಾದ ದೋಷ ಇದು.

ಪಾಸ್‌ವರ್ಡ್ ಕೊಟ್ಟು ಮತ್ತೆ ಕೇಳಿದೆವು. ಕರ್ಲ್‌ಗೆ ಸಣ್ಣ ಅಕ್ಷರದ ಯು ಕೊಟ್ಟು ಬಳಕೆದಾರರ ಹೆಸರು ಮಾತ್ರ ಬರೆದರೆ ಪಾಸ್‌ವರ್ಡ್ ಅದೇ ಕೇಳುತ್ತದೆ. ಹೆಸರಿನ ಪಕ್ಕದಲ್ಲೇ ಪಾಸ್‌ವರ್ಡ್ ಬರೆದುಬಿಟ್ಟರೆ ಅದು ಟರ್ಮಿನಲ್ ಇತಿಹಾಸದಲ್ಲಿ ಉಳಿಯುತ್ತದೆ, ಆ ಅಭ್ಯಾಸ ಬೇಡ. ಸರ್ವರ್‌ನ ಗುರುತಿನ ಪ್ರಮಾಣಪತ್ರದ ಪರಿಶೀಲನೆ ಬಿಟ್ಟುಬಿಡು ಎಂದು ಹೇಳುವ ಸಣ್ಣ ಕೆ ಆಯ್ಕೆಯನ್ನಂತೂ ಪಾಸ್‌ವರ್ಡ್ ಕಳಿಸುವಾಗ ಹಾಕಲೇಬಾರದು.

ಉತ್ತರ ಬಂತು. ಜಿಯೋಸರ್ವರ್ 2.23.2. ಕಟ್ಟಿದ ದಿನಾಂಕ, ಗಿಟ್ ಗುರುತು, ಜಿಯೋಟೂಲ್ಸ್ ಮತ್ತು ಜಿಯೋವೆಬ್‌ಕ್ಯಾಶ್ ಸಂಖ್ಯೆಗಳೂ ಜೊತೆಗಿದ್ದವು.

ತಿರುವು

2.23.6ಕ್ಕಿಂತ ಹಿಂದಿನದು. ಲೆಕ್ಕದ ಪ್ರಕಾರ ದೋಷ ಇದೆ. ನಾವು ಕಂಪನಿಗೆ ಇದನ್ನು ಕಳಿಸಿದಾಗ ಎಂಜಿನಿಯರ್ ತಕ್ಷಣ ಫೋನ್ ಮಾಡಿದರು.

"ಸರ್, ಆ ಸಂಖ್ಯೆ ನೋಡಿ ಹೆದರಬೇಡಿ. ಜುಲೈನಲ್ಲೇ ನಾನು ಆ ಜಾರ್ ಫೈಲ್ ತೆಗೆದಿದ್ದೀನಿ. ವರ್ಷನ್ ಹಾಗೇ ಕಾಣುತ್ತೆ, ದೋಷ ಇಲ್ಲ."

ಜಾರ್ ಅಂದರೆ ಜಾವಾ ಪ್ರೋಗ್ರಾಂನ ಕೋಡ್ ಇರುವ ಒಂದು ಫೈಲ್. ಅವರು ಹೇಳಿದ್ದು ಸುಳ್ಳು ಸಬೂಬಲ್ಲ. ಜಿಯೋಸರ್ವರ್ ತಂಡವೇ ಆಗ ಒಂದು ತಾತ್ಕಾಲಿಕ ದಾರಿ ಹೇಳಿತ್ತು: ಜಿಟಿ-ಕಾಂಪ್ಲೆಕ್ಸ್ ಎಂಬ ಜಾರ್ ಫೈಲನ್ನು ತೆಗೆದುಹಾಕಿ, ದೋಷವಿರುವ ಕೋಡ್ ಹೋಗುತ್ತದೆ, ಕೆಲವು ಸೌಲಭ್ಯ ನಿಲ್ಲಬಹುದು. ಹಾಗೆ ಮಾಡಿದ್ದರೆ ವರ್ಷನ್ ಸಂಖ್ಯೆ 2.23.2 ಅಂತಲೇ ತೋರುತ್ತದೆ. ಎಂಜಿನ್‌ಎಕ್ಸ್ ವಿಷಯದಲ್ಲಿ ನಾವೇ ಹುಡುಗಿಗೆ ಹೇಳಿದ ಮಾತು ಇಲ್ಲಿ ನಮಗೆ ತಿರುಗಿ ಬಂದಿತ್ತು. ಹಳೆಯ ಸಂಖ್ಯೆ ಅಂದರೆ ಪ್ಯಾಚ್ ಇಲ್ಲ ಅಂತಲ್ಲ.

ಇಲ್ಲಿ ಎರಡು ದಾರಿ ಇತ್ತು. ಎಂಜಿನಿಯರ್ ಮಾತು ನಂಬಿ ಟಿಕ್ ಹಾಕುವುದು. ಇಲ್ಲವೇ ಅವರು ಹೇಳಿದ್ದನ್ನೂ ಪರೀಕ್ಷಿಸುವುದು. ಅವರು ಪ್ರಾಮಾಣಿಕರು, ಅದರಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ಜುಲೈನಲ್ಲಿ ಮಾಡಿದ ಕೆಲಸ ಸೆಪ್ಟೆಂಬರಿನಲ್ಲೂ ಹಾಗೇ ಇದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಪ್ರಾಮಾಣಿಕತೆ ಉತ್ತರ ಕೊಡುವುದಿಲ್ಲ.

ರೆಸ್ಟ್ ವಿಳಾಸದಲ್ಲೇ 'ಅಬೌಟ್' ಆದ ಮೇಲೆ 'ಮ್ಯಾನಿಫೆಸ್ಟ್' ಅಂತ ಕೊಟ್ಟರೆ, ಓಡುತ್ತಿರುವ ಜಿಯೋಸರ್ವರ್ ಯಾವ ಯಾವ ಜಾರ್‌ಗಳನ್ನು ಎತ್ತಿಕೊಂಡಿದೆ ಅಂತ ಒಂದು ಉದ್ದನೆಯ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಪದ ಹುಡುಕುವ ಗ್ರೆಪ್ ಕಮಾಂಡ್‌ಗೆ ದಾಟಿಸಿ 'ಜಿಟಿ-ಕಾಂಪ್ಲೆಕ್ಸ್' ಹುಡುಕಿದೆವು. ಏನೂ ಬರಬಾರದಿತ್ತು. ಒಂದು ಸಾಲು ಬಂತು: ಜಿಟಿ-ಕಾಂಪ್ಲೆಕ್ಸ್-29... ಪೂರ್ತಿ ಹೆಸರು ಬೇಡ, ಜಾರ್ ಅಲ್ಲೇ ಇತ್ತು.

ಆ ಸಾಲನ್ನು ಎಂಜಿನಿಯರ್‌ಗೆ ಕಳಿಸಿದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಅವರೇ ಕಾರಣ ಹುಡುಕಿ ಹೇಳಿದರು. ಜಿಯೋಸರ್ವರ್ ಓಡುತ್ತಿದ್ದದ್ದು ಡಾಕರ್ ಕಂಟೇನರ್ ಒಳಗೆ, ಅಂದರೆ ಇಮೇಜ್ ಎಂಬ ಅಚ್ಚಿನಿಂದ ಎಬ್ಬಿಸುವ ಒಂದು ಪ್ರತ್ಯೇಕ ಪೆಟ್ಟಿಗೆಯಂಥದ್ದರೊಳಗೆ. ಜುಲೈನಲ್ಲಿ ಅವರು ಓಡುತ್ತಿರುವ ಕಂಟೇನರ್ ಒಳಹೊಕ್ಕು ಜಾರ್ ಅಳಿಸಿ, ಮರುಚಾಲನೆ ಮಾಡಿದ್ದರು. ಆಗ ದೋಷ ನಿಜವಾಗಿಯೂ ಹೋಗಿತ್ತು. ಆಗಸ್ಟಿನಲ್ಲಿ ಸೇವೆಯನ್ನು ಬೇರೆ ಯಂತ್ರಕ್ಕೆ ಸಾಗಿಸುವಾಗ ಅವರ ಸಹೋದ್ಯೋಗಿ ಹಳೆಯ ಇಮೇಜ್‌ನಿಂದ ಹೊಸ ಕಂಟೇನರ್ ಎಬ್ಬಿಸಿದರು. ಇಮೇಜ್‌ನಲ್ಲಿ ಜಾರ್ ಇತ್ತು, ಹಾಗಾಗಿ ದೋಷವೂ ವಾಪಸ್ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಕೊಡಗಿನ ಅಷ್ಟೂ ಮನೆಗಳ ತೋಟದ ಗಡಿ ವಾರಗಟ್ಟಲೆ ತೆರೆದ ಬಾಗಿಲಿನ ಹಿಂದೆ ಕೂತಿತ್ತು.

ಏನು ಮಾಡಿದೆವು, ಏನಾಯಿತು

ಅವತ್ತೇ ಸೇವೆಯನ್ನು ಹೊರಗಿನಿಂದ ನಿಲ್ಲಿಸಲು ಹೇಳಿದೆವು. ಸಮಿತಿಯ ಕೆಲವರಿಗೆ ಇದು ಇಷ್ಟವಾಗಲಿಲ್ಲ. ಅರೇಬಿಕಾ ಕೊಯ್ಲು ಹತ್ತಿರ ಬರುತ್ತಿತ್ತು, ಉಳಿದ ತೋಟಗಳ ಅಳತೆ ನಡೆಯುತ್ತಿತ್ತು. "ಅಪ್‌ಗ್ರೇಡ್ ಮಾಡಿ ಮುಂದುವರಿಸೋಣ, ನಿಲ್ಲಿಸೋದು ಯಾಕೆ?" ಎಂದು ಕೇಳಿದರು.

ಹೊಸ ವರ್ಷನ್ ಹಾಕಿದರೆ ಮುಂದಿನ ದಾಳಿ ತಪ್ಪುತ್ತದೆ. ಆಗಲೇ ಯಾರಾದರೂ ಒಳಗೆ ಬಂದು ಹೋಗಿದ್ದರೆ? ಎಂಜಿನಿಯರ್ ಬಂದ ಕೋರಿಕೆಗಳ ದಾಖಲೆಯಾದ ಎಂಜಿನ್‌ಎಕ್ಸ್ ಲಾಗ್‌ಗಳನ್ನು ತಿರುವಿ ನೋಡಿದರು, ಅನುಮಾನ ಬರುವಂಥದ್ದು ಸಿಗಲಿಲ್ಲ. ಆದರೆ ಈ ದೋಷವನ್ನು, ಮಾಹಿತಿಯನ್ನು ವಿಳಾಸದಲ್ಲಿ ಬರೆಯದೆ ಒಳಗಿಟ್ಟು ಕಳಿಸುವ ಪೋಸ್ಟ್ ಕೋರಿಕೆಯ ಮೂಲಕವೂ ಬಳಸಬಹುದು, ಮತ್ತು ಎಂಜಿನ್‌ಎಕ್ಸ್‌ನ ಮಾಮೂಲಿ ಲಾಗ್‌ನಲ್ಲಿ ವಿಳಾಸ ಮಾತ್ರ ಇರುತ್ತದೆ, ಪೋಸ್ಟ್‌ನ ಒಳಗಿನ ಮಾತು ಇರುವುದಿಲ್ಲ. ಲಾಗ್‌ನಲ್ಲಿ ಸಿಗಲಿಲ್ಲ ಅನ್ನುವುದನ್ನು ಏನೂ ಆಗಿಲ್ಲ ಅಂತ ಓದುವ ಹಾಗಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಕಷ್ಟದ ತೀರ್ಮಾನ ಇದೇ. ಪುರಾವೆ ಇಲ್ಲದಿದ್ದರೂ ಯಂತ್ರವನ್ನು ನಂಬದೆ ಇರಬೇಕು ಅಂತ ಜನರಿಗೆ ಒಪ್ಪಿಸಬೇಕಿತ್ತು. ಕಾರ್ಯದರ್ಶಿ ಸಮಿತಿಗೆ ಹೇಳಿದ್ದು ಒಂದೇ ಮಾತು: "ಗಡಿ ಕೊಟ್ಟವರ ಮನೆಗೆ ಹೋಗಿ ಉತ್ತರ ಹೇಳಬೇಕಾದವರು ನಾವು." ಅಲ್ಲಿಗೆ ಚರ್ಚೆ ಮುಗಿಯಿತು.

ಹೊಸ ಯಂತ್ರ ಕಟ್ಟಿದರು. ಹಳೆಯದರಿಂದ ನಕ್ಷೆಯ ದತ್ತಾಂಶ ಮಾತ್ರ ತಂದರು, ಪ್ರೋಗ್ರಾಂ ಯಾವುದನ್ನೂ ತರಲಿಲ್ಲ. ಜಿಯೋಸರ್ವರ್ 2.25 ಸರಣಿಯಲ್ಲಿ ಆಗ ಇದ್ದ ಹೊಸ ಬಿಡುಗಡೆ ಹಾಕಿದರು. ಅಡ್ಮಿನ್ ಪಾಸ್‌ವರ್ಡ್, ಡೇಟಾಬೇಸ್ ಪಾಸ್‌ವರ್ಡ್ ಎರಡನ್ನೂ ಬದಲಿಸಿದರು. ರೆಸ್ಟ್ ವಿಳಾಸವನ್ನು ನಮ್ಮ ಕಚೇರಿಯ ಐಪಿಗೆ (ಅಂತರ್ಜಾಲದಲ್ಲಿ ಕಚೇರಿಯ ವಿಳಾಸಕ್ಕೆ) ಮಾತ್ರ ತೆರೆದರು. ಸೇವೆ ನಿಂತಿದ್ದಾಗ ಅಳತೆಯ ಹುಡುಗರು ಗಡಿಗಳನ್ನು ಫೋನಿನಲ್ಲೇ ಉಳಿಸಿಕೊಂಡು, ಆಮೇಲೆ ಏರಿಸಿದರು. ಕೆಲಸ ಕೆಡಲಿಲ್ಲ.

ಎಂಜಿನ್‌ಎಕ್ಸ್‌ನ ಸರ್ವರ್ ಸಾಲಿನಿಂದ ಸಂಖ್ಯೆ ತೆಗೆಯಬೇಕೇ ಎಂಬ ಚರ್ಚೆಯೂ ಬಂತು. 'ಸರ್ವರ್ ಟೋಕನ್ಸ್' ಎಂಬುದನ್ನು ಆಫ್ ಮಾಡಿದರೆ ಬರೀ ಹೆಸರು ಉಳಿಯುತ್ತದೆ. ತೆಗೆದೆವು. ಆದರೆ ದಾಳಿ ಮಾಡುವ ತಂತ್ರಾಂಶಗಳು ಬಹಳ ಸಲ ವರ್ಷನ್ ಕೇಳುವ ಗೋಜಿಗೇ ಹೋಗದೆ ಸಿಕ್ಕ ವಿಳಾಸಕ್ಕೆಲ್ಲ ಕೋರಿಕೆ ಕಳಿಸುತ್ತವೆ. ಸಂಖ್ಯೆ ಮುಚ್ಚಿದ್ದನ್ನು ಭದ್ರತೆಯ ಲೆಕ್ಕಕ್ಕೆ ಸೇರಿಸಿಲ್ಲ.

ಇದರಿಂದ ಬೇರೆಯವರಿಗೆ ಉಪಯೋಗವಾಗುವುದು

ಕಮಾಂಡ್ ಲೈನಿನಿಂದ ವರ್ಷನ್ ನೋಡುವುದು ಕಲಿಯಲೇಬೇಕಾದ ವಿದ್ಯೆ. ನಮಗೆ ಅದರಿಂದಲೇ ವಿಷಯ ಗೊತ್ತಾಯಿತು. ಆದರೆ ಯಾವ ಪದರ ಮಾತಾಡುತ್ತಿದೆ ಅಂತ ಮೊದಲು ತಿಳಿದುಕೊಳ್ಳಬೇಕು. ಹೆಡರ್‌ನಲ್ಲಿ ಮಾತಾಡಿದ್ದು ಪ್ರಾಕ್ಸಿ, ಎಕ್ಸ್‌ಎಂಎಲ್‌ನಲ್ಲಿ ಕಂಡದ್ದು ಮಾನಕ, ರೆಸ್ಟ್‌ನಲ್ಲಿ ಸಿಕ್ಕಿದ್ದು ಜಿಯೋಸರ್ವರ್. ನಮ್ಮ ಪ್ರಶ್ನೆಯ ನಿಜವಾದ ಉತ್ತರ ಸಿಕ್ಕಿದ್ದು ಈ ಮೂರರಲ್ಲೂ ಅಲ್ಲ, ಜಾರ್‌ಗಳ ಪಟ್ಟಿಯಲ್ಲಿ. 'ವರ್ಷನ್ ಎಷ್ಟು' ಅಂತ ಕೇಳಿ ನಿಲ್ಲಿಸಿದ್ದರೆ ಎಂಜಿನಿಯರ್ ಕೊಟ್ಟ ವಿವರಣೆ ನಮಗೆ ಸಮಾಧಾನ ತರುತ್ತಿತ್ತು. 'ದೋಷ ಇರುವ ಕೋಡ್ ಈ ಹೊತ್ತಿನಲ್ಲಿ ಓಡುತ್ತಿದೆಯಾ' ಅಂತ ಕೇಳಿದ್ದಕ್ಕೆ ಸತ್ಯ ಹೊರಬಂತು.

ಕಂಟೇನರ್ ಬಳಸುವವರಿಗೆ ಇನ್ನೊಂದು ಮಾತು. ಓಡುತ್ತಿರುವ ಕಂಟೇನರ್ ಒಳಗೆ ಕೈಹಾಕಿ ಮಾಡಿದ ರಿಪೇರಿ, ಕಂಟೇನರ್ ಇರುವವರೆಗೆ ಮಾತ್ರ. ಇಮೇಜ್‌ನಲ್ಲೇ ಸರಿ ಮಾಡಿ, ಹಳೆಯ ಇಮೇಜ್ ಅಳಿಸಿ. ಜುಲೈನಲ್ಲಿ ಆತುರ ಇತ್ತು ಅಂತ ಒಪ್ಪುತ್ತೇನೆ, ಆದರೆ ಇಮೇಜ್ ಕಟ್ಟುವುದು ಮರುದಿನವಾದರೂ ಆಗಬೇಕಿತ್ತು.

ಈಗಿನ ವ್ಯವಸ್ಥೆ ಹೀಗಿದೆ. ಜಿಯೋಸರ್ವರ್‌ನ ರೆಸ್ಟ್ ಕೇಳಲು ಮಾಮೂಲಾಗಿ ಅಡ್ಮಿನ್ ಹಕ್ಕು ಬೇಕು, ಅಂಥ ಪಾಸ್‌ವರ್ಡನ್ನು ಕಚೇರಿಯ ಕಂಪ್ಯೂಟರಿನ ಸ್ಕ್ರಿಪ್ಟ್‌ನಲ್ಲಿ ಇಡಲು ನಮಗೆ ಮನಸ್ಸಿರಲಿಲ್ಲ. ಅದಕ್ಕೆ ಕಂಪನಿಯವರು ಕಂಟೇನರ್ ಏಳುವಾಗಲೆಲ್ಲ ವರ್ಷನ್, ಇಮೇಜ್‌ನ ಗುರುತು, ಜಾರ್‌ಗಳ ಪಟ್ಟಿ ಇರುವ ಒಂದು ಪಠ್ಯ ಫೈಲ್ ಬರೆಯುತ್ತಾರೆ. ಅದು ನಮ್ಮ ಐಪಿಗೆ ಮಾತ್ರ ಕಾಣುತ್ತದೆ. ಕಚೇರಿಯ ಕಂಪ್ಯೂಟರ್ ಪ್ರತಿ ಬೆಳಿಗ್ಗೆ ಕರ್ಲ್‌ನಿಂದ ಅದನ್ನು ತಂದು ಹಿಂದಿನ ದಿನದ ಫೈಲ್ ಜೊತೆ ಹೋಲಿಸುತ್ತದೆ. ಒಂದು ಸಾಲು ಬದಲಾದರೂ ನನಗೂ ಕಾರ್ಯದರ್ಶಿಗೂ ಮೇಲ್ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫೈಲ್ ಬಾರದಿದ್ದರೆ ಅದಕ್ಕೂ ಮೇಲ್ ಬರುವ ಹಾಗೆ ಮಾಡಿದ್ದೇವೆ, ಆ ಮೇಲ್ ಹೊರಡುವುದು ಕಚೇರಿಯಿಂದಲ್ಲ, ಬೇರೆ ಕಡೆಯ ಒಂದು ಯಂತ್ರದಿಂದ. ಕಂಪನಿಯ ಜೊತೆಗಿನ ಒಪ್ಪಂದ ನವೀಕರಿಸುವಾಗ ಈ ಫೈಲ್ ಕೊಡುವುದನ್ನೂ, ಯಂತ್ರ ಬದಲಿಸುವ ಮೊದಲು ನಮಗೆ ತಿಳಿಸುವುದನ್ನೂ ಷರತ್ತಾಗಿ ಸೇರಿಸಿದೆವು. ಆ ಎಂಜಿನಿಯರ್ ಅದನ್ನು ತಾವೇ ಬರೆದುಕೊಟ್ಟರು. ಪ್ರಶ್ನಾವಳಿಯ ಆ ಸಾಲಿಗೆ ಕಾರ್ಯದರ್ಶಿ ಹೊಸ ಸಂಖ್ಯೆ, ಪರೀಕ್ಷಿಸಿದ ದಿನಾಂಕ, ಪರೀಕ್ಷಿಸಿದ ವಿಧಾನ ಮೂರನ್ನೂ ಬರೆದು ಸಹಿ ಹಾಕಿ ಕಳಿಸಿದರು.